ಕಿಟಕಿಯಿಂದ ಕಂಡ ಆ ಇನ್ನೊಂದು ವಿಮಾನ ನಿಜಕ್ಕೂ ಎಷ್ಟು ಹತ್ತಿರ ಇತ್ತು?

ಪ್ರಶ್ನೆ: ನಾನು ದಾವಣಗೆರೆಯವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಮಗಳು ದೆಹಲಿಯಲ್ಲಿದ್ದಾಳೆ. ಮೂರು ವರ್ಷದ ಮೊಮ್ಮಗನನ್ನು ಕರೆದುಕೊಂಡು ವರ್ಷಕ್ಕೆ ನಾಲ್ಕೈದು ಸಲ ಬಂದು ಹೋಗುತ್ತಾಳೆ. ಹೋದ ತಿಂಗಳು ನಾನು, ನನ್ನ ಹೆಂಡತಿ ಬೆಂಗಳೂರಿಂದ ದೆಹಲಿಗೆ ಹೋಗುತ್ತಿದ್ದೆವು. ಹೊರಟು ಒಂದು ಗಂಟೆ ಆಗಿರಬಹುದು, ಎದುರಿನಿಂದ ಇನ್ನೊಂದು ವಿಮಾನ ನಮ್ಮ ರೆಕ್ಕೆಯ ಕೆಳಗೇ ಸರ್ರನೆ ಹೋಯಿತು. ಅದರ ಬಾಲದ ಬಣ್ಣ ಕೂಡ ಕಾಣಿಸಿತು! ಪೈಲಟ್ ಏನೂ ಹೇಳಲಿಲ್ಲ. ಗಗನಸಖಿಯನ್ನು ಕೇಳಿದರೆ ‘ನಾರ್ಮಲ್ ಸರ್’ ಅಂದರು. ಮನೆಗೆ ಬಂದು ಹುಡುಕಿದಾಗ 2022ರಲ್ಲಿ ಬೆಂಗಳೂರಲ್ಲೇ ಎರಡು ವಿಮಾನ ಡಿಕ್ಕಿಯಾಗುವುದು ತಪ್ಪಿತ್ತು ಅಂತ ಓದಿದೆ. ನಾವು ನೋಡಿದ್ದೂ ಅಂಥದ್ದೇನಾ? ಇದಕ್ಕೆಲ್ಲ ನೆಲದಿಂದ ವಿಮಾನಗಳಿಗೆ ದಾರಿ, ಎತ್ತರ ಹೇಳುವ ಎಟಿಸಿಯವರ (ಕಂಟ್ರೋಲರ್‌ಗಳ) ಬೇಜವಾಬ್ದಾರಿಯೇ ಕಾರಣ ಅಂತಾರೆ, ನಿಜವೇ? ವಿಮಾನದಲ್ಲೇ ಒಂದು ಮೆಷಿನ್ ಇದೆ, ಅದು ಡಿಕ್ಕಿ ಆಗಲು ಬಿಡಲ್ಲ ಅಂತ ಅಳಿಯ ಸಮಾಧಾನ ಹೇಳುತ್ತಾರೆ. ಮಗಳಿಗೆ ರೈಲಲ್ಲೇ ಬಾ ಅನ್ನಲೇ? ದೂರು ಕೊಡುವುದಾದರೆ ಯಾರಿಗೆ ಕೊಡಬೇಕು?

ಉತ್ತರ: ಮೊದಲು ನಿಮ್ಮ ಎದೆ ಹಗುರ ಮಾಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ಅದು ಅಪಾಯದ ಘಟನೆ ಆಗಿರುವ ಸಾಧ್ಯತೆ ತೀರಾ ಕಡಿಮೆ. ನಿಮ್ಮ ವಿಮಾನ ಏಕಾಏಕಿ ಏರಲಿಲ್ಲ, ಇಳಿಯಲಿಲ್ಲ, ಪಕ್ಕಕ್ಕೆ ವಾಲಲಿಲ್ಲ, ಅಲ್ವಾ? ಹಾಗೇನಾದರೂ ಆಗಿದ್ದರೆ ನೀವು ಮೊದಲು ಬರೆಯುತ್ತಿದ್ದುದೇ ಅದನ್ನು. ಎದುರಿನ ವಿಮಾನ ನಿಮ್ಮ ಕೆಳಗೆ ಇರಬೇಕಾದ ಎತ್ತರದಲ್ಲೇ ಇತ್ತು ಅಂತ ಕಾಣುತ್ತದೆ.

ಲೆಕ್ಕ ಹೀಗಿದೆ. ಎತ್ತರದಲ್ಲಿ ಹಾರುವ ಎರಡು ವಿಮಾನಗಳ ಮಧ್ಯೆ ಮೇಲೆ ಕೆಳಗೆ 1,000 ಅಡಿ ಅಂತರ ಇರಬೇಕು. ಅದಿಲ್ಲದಿದ್ದರೆ ಅಕ್ಕಪಕ್ಕ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9 ಕಿಲೋಮೀಟರ್. ವಿಮಾನ ನಿಲ್ದಾಣದ ಹತ್ತಿರ ರೇಡಾರ್ ಚೆನ್ನಾಗಿ ಕಾಣುವ ಕಡೆ ಇದು 3 ಮೈಲಿಗೆ ಇಳಿಯುತ್ತದೆ. ಎರಡರಲ್ಲಿ ಒಂದು ಇದ್ದರೆ ಸಾಕು. ಒಂದೇ ದಾರಿಯಲ್ಲಿ ಎದುರುಬದುರು ಬರುವವರಿಗೆ ಎತ್ತರಗಳನ್ನು ಹಂಚಿಟ್ಟಿರುತ್ತಾರೆ. ಪೂರ್ವದ ಕಡೆ ಹೋಗುವವರಿಗೆ 33,000, 35,000, 37,000 ಅಡಿ. ಪಶ್ಚಿಮದ ಕಡೆ ಹೋಗುವವರಿಗೆ 34,000, 36,000 ಹೀಗೆ. ಉತ್ತರ ದಕ್ಷಿಣದ ದಾರಿಗಳಲ್ಲೂ ಹೋಗುವವರದ್ದೇ ಒಂದು ಸಾಲು, ಬರುವವರದ್ದೇ ಒಂದು. ಈಗಿನ ವಿಮಾನಗಳು ಉಪಗ್ರಹದ ಸಹಾಯದಿಂದ ದಾರಿಯ ನಡುಗೆರೆಯ ಮೇಲೇ ಕರಾರುವಾಕ್ಕಾಗಿ ಹಾರುವುದರಿಂದ, ಎದುರಿನದು ಸರಿಯಾಗಿ ನಿಮ್ಮ ಕೆಳಗೇ ಹಾದುಹೋಗುತ್ತದೆ.

1,000 ಅಡಿ ಅಂದರೆ 300 ಮೀಟರ್. ಬಾಲದ ಬಣ್ಣ ಕಾಣುವುದಕ್ಕೆ ಅಷ್ಟು ಧಾರಾಳವಾಗಿ ಸಾಕು. ಇನ್ನು ವೇಗ. ನೀವು ಗಂಟೆಗೆ ಸುಮಾರು 900 ಕಿಲೋಮೀಟರ್, ಅವರೂ ಅಷ್ಟೇ. ಸೇರಿದರೆ ಸೆಕೆಂಡಿಗೆ ಅರ್ಧ ಕಿಲೋಮೀಟರ್. ಮೂರು ಕಿಲೋಮೀಟರ್ ದೂರದಲ್ಲಿ ಚುಕ್ಕಿಯಂತೆ ಕಂಡದ್ದು ಆರು ಸೆಕೆಂಡಿಗೆ ನಿಮ್ಮ ಕೆಳಗೆ. ರೈಲಿನ ಕಿಟಕಿ ಪಕ್ಕ ಕೂತಾಗ ಎದುರಿನ ಹಳಿಯಲ್ಲಿ ಇನ್ನೊಂದು ರೈಲು ಬುಸ್ಸಂತ ಹೋದರೆ ಎದೆ ಝಲ್ ಅನ್ನುತ್ತದಲ್ಲ, ಹಾಗೆ. ಅದು ಅದರ ಹಳಿಯ ಮೇಲೇ ಇರುತ್ತದೆ, ಆದರೂ ನಮ್ಮ ಮೈ ಅದನ್ನು ನಂಬುವುದಿಲ್ಲ. ಇನ್ನೊಂದು ವಿಷಯ, ದೂರದಲ್ಲಿ ನಮಗಿಂತ 1,000 ಅಡಿ ಮೇಲೆ ಅಥವಾ ಕೆಳಗೆ ಇರುವ ವಿಮಾನ ನಮ್ಮ ಮಟ್ಟದಲ್ಲೇ ಇದೆ ಅನ್ನಿಸುತ್ತದೆ. ಹತ್ತಿರ ಬಂದ ಮೇಲೇ ವ್ಯತ್ಯಾಸ ಗೊತ್ತಾಗುವುದು. ಇದು ಪೈಲಟ್‌ಗಳಿಗೂ ಅನ್ನಿಸುತ್ತದೆ. ಅದಕ್ಕೇ ದೊಡ್ಡ ವಿಮಾನಗಳ ವಿಷಯದಲ್ಲಿ ‘ಪೈಲಟ್ ನೋಡಿಕೊಂಡು ತಪ್ಪಿಸುತ್ತಾನೆ ಬಿಡಿ’ ಅನ್ನುವ ಮಾತನ್ನು ಕಂಟ್ರೋಲರ್‌ಗಳಾದ ನಾವು ಯಾರೂ ನಂಬಿ ಕೂರುವುದಿಲ್ಲ. ಕಣ್ಣಿಗೆ ಬಿದ್ದು, ಅದು ಇತ್ತಲೇ ಬರುತ್ತಿದೆ ಅಂತ ತಲೆಗೆ ಹೋಗಿ, ಕೈ ಆಡಿ, ವಿಮಾನ ತಿರುಗುವಷ್ಟರಲ್ಲಿ ಆ ಸೆಕೆಂಡುಗಳು ಮುಗಿದಿರುತ್ತವೆ.

ಪತ್ರಿಕೆಗಳಲ್ಲಿ ಬರುವ ‘ಕೂದಲೆಳೆ ಅಂತರ’ದ ಬಗ್ಗೆಯೂ ಒಂದು ಮಾತು. ನಿಯಮದ ಅಂತರ 5 ಮೈಲಿ ಇದ್ದಾಗ 4.9ಕ್ಕೆ ಬಂದರೂ ನಮ್ಮ ಲೆಕ್ಕದಲ್ಲಿ ಅದು ಉಲ್ಲಂಘನೆ. ಬರೆದಿಡಬೇಕು, ವಿಚಾರಣೆ ಆಗಬೇಕು. ಹಾಗಂತ ಡಿಕ್ಕಿ ಆಗುತ್ತಿತ್ತು ಅಂತಲ್ಲ. 2018ರ ಜುಲೈನಲ್ಲಿ ಬೆಂಗಳೂರಿನ ಆಕಾಶದಲ್ಲಿ ಕೊಯಮತ್ತೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ವಿಮಾನ, ಬೆಂಗಳೂರಿನಿಂದ ಕೊಚ್ಚಿಗೆ ಹೋಗುತ್ತಿದ್ದ ವಿಮಾನ ಹತ್ತಿರ ಬಂದಿದ್ದವು. ಜನರಿಗೆ ನೆನಪುಳಿದದ್ದು ‘200 ಅಡಿ’. ಅದು ಎತ್ತರದ ಅಂತರ. ಅಡ್ಡಕ್ಕೆ ಸುಮಾರು 4 ಮೈಲಿ ಇತ್ತು. ಇದು ಗಂಭೀರವಲ್ಲ ಅಂತ ನಾನು ಖಂಡಿತ ಹೇಳುತ್ತಿಲ್ಲ. ಎರಡೂ ವಿಮಾನದ ಯಂತ್ರಗಳು ಎಚ್ಚರಿಕೆ ಕೊಟ್ಟು ಪೈಲಟ್‌ಗಳು ದೂರ ಸರಿಯಬೇಕಾಯಿತು. ಆದರೆ ಒಂದು ಸಂಖ್ಯೆ ಓದಿ ಇನ್ನೊಂದನ್ನು ಬಿಟ್ಟರೆ ಭಯ ಮಾತ್ರ ಉಳಿಯುತ್ತದೆ, ಏನಾಯಿತು ಅನ್ನುವುದು ಗೊತ್ತಾಗುವುದಿಲ್ಲ.

ಈಗ ನೀವು ಓದಿದ ಬೆಂಗಳೂರಿನ ಘಟನೆಗೆ ಬರೋಣ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ.

2022ರ ಜನವರಿಯ ಒಂದು ಬೆಳಿಗ್ಗೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಅಕ್ಕಪಕ್ಕ ಎರಡು ರನ್‌ವೇ ಇವೆ, ಎರಡನೆಯದು ಶುರುವಾಗಿದ್ದು 2019ರ ಡಿಸೆಂಬರ್‌ನಲ್ಲಿ. ಆ ಹೊತ್ತಲ್ಲಿ ಉತ್ತರದ ರನ್‌ವೇಯಿಂದ ಹೊರಡುವುದು, ದಕ್ಷಿಣದ್ದರಲ್ಲಿ ಇಳಿಯುವುದು ಅಂತ ನಡೆಯುತ್ತಿತ್ತು. ಶಿಫ್ಟ್ ಜವಾಬ್ದಾರಿ ಹೊತ್ತವರು ದಕ್ಷಿಣದ್ದನ್ನು ನಿಲ್ಲಿಸಿ ಎಲ್ಲವನ್ನೂ ಉತ್ತರದಲ್ಲೇ ನಡೆಸೋಣ ಅಂತ ತೀರ್ಮಾನಿಸಿದರು. ಆ ತೀರ್ಮಾನ ದಕ್ಷಿಣದ ಟವರ್ ಕಂಟ್ರೋಲರ್‌ಗೆ ತಲುಪಲೇ ಇಲ್ಲ. ಅವರು ಭುವನೇಶ್ವರದ ವಿಮಾನಕ್ಕೆ ಹೊರಡಲು ಅನುಮತಿ ಕೊಟ್ಟರು. ಅದೇ ಹೊತ್ತಿಗೆ ಉತ್ತರದವರು ಕೋಲ್ಕತ್ತಾದ ವಿಮಾನಕ್ಕೆ ಕೊಟ್ಟರು. ಎರಡೂ ಒಂದೇ ದಿಕ್ಕಿಗೆ ಹಾರಿದವು, ಹಾರಿದ ಮೇಲೆ ಒಂದರ ಕಡೆಗೊಂದು ಬರತೊಡಗಿದವು. ಎರಡರಲ್ಲೂ ಸೇರಿ 426 ಜನ. ರೇಡಾರ್ ಮುಂದೆ ಕೂತಿದ್ದ ಅಪ್ರೋಚ್ ಕಂಟ್ರೋಲರ್ ನೋಡಿ, ಎರಡಕ್ಕೂ ಬೇರೆ ಬೇರೆ ದಿಕ್ಕು ಕೊಟ್ಟು ದೂರ ಮಾಡಿದರು.

ಗಮನಿಸಿ, ಇಲ್ಲಿ ಯಂತ್ರ ಕೆಟ್ಟಿರಲಿಲ್ಲ. ಪೈಲಟ್‌ಗಳು ಹೇಳಿದ್ದನ್ನೇ ಮಾಡಿದರು. ಇಬ್ಬರು ಟವರ್ ಕಂಟ್ರೋಲರ್‌ಗಳೂ ತಮಗೆ ಗೊತ್ತಿದ್ದ ಮಟ್ಟಿಗೆ ಸರಿಯಾದದ್ದನ್ನೇ ಮಾಡಿದರು. ಒಂದು ಮಾತು ಒಬ್ಬರಿಂದ ಇನ್ನೊಬ್ಬರಿಗೆ ಹೋಗಲಿಲ್ಲ, ಅಷ್ಟೇ. ರೇಡಾರ್ ಕೋಣೆಯಲ್ಲಿ ವೃತ್ತಿಜೀವನ ಕಳೆದವನಾಗಿ ನಾನು ಹೇಳುವುದು ಇದನ್ನೇ. ವಿಮಾನಗಳು ಹತ್ತಿರ ಬರುವುದು ಆಕಾಶದಲ್ಲಿ ಜಾಗ ಸಾಲದೆ ಅಲ್ಲ. ಹೇಳಬೇಕಾದ ಮಾತು ಹೇಳದೇ ಹೋದಾಗ, ಹೇಳಿದ್ದು ಬೇರೆಯಾಗಿ ಕೇಳಿಸಿದಾಗ, ಬೇರೆಯಾಗಿ ಕೇಳಿಸಿದೆ ಅನ್ನುವುದು ಯಾರಿಗೂ ಗೊತ್ತಾಗದಿದ್ದಾಗ.

ಅದಕ್ಕೇ ನಮ್ಮ ಕೆಲಸದಲ್ಲಿ ಮಾತಿಗೆ ಅಷ್ಟು ಕಟ್ಟುಪಾಡು. ಡ್ಯೂಟಿ ಬದಲಾಗುವಾಗ ಹೊಸಬರು ಬಂದ ತಕ್ಷಣ ಹಳಬರು ಎದ್ದು ಹೋಗುವ ಹಾಗಿಲ್ಲ. ಬಂದವರು ಪಕ್ಕದಲ್ಲೇ ಕೂತು, ತಮ್ಮ ಹೆಡ್‌ಸೆಟ್ ಚುಚ್ಚಿ, ಕೆಲವು ನಿಮಿಷ ಬಾಯಿ ಬಿಡದೆ ಕೇಳುತ್ತಾರೆ, ಪರದೆ ನೋಡುತ್ತಾರೆ. ಯಾವ ರನ್‌ವೇ, ಹವಾಮಾನ ಏನು, ಯಾವ ಜಾಗ ಮುಚ್ಚಿದೆ, ಯಾರಿಗೆ ಯಾವ ಎತ್ತರ ಕೊಟ್ಟಾಗಿದೆ, ಎಲ್ಲ ಚೆಕ್‌ಲಿಸ್ಟ್ ಹಿಡಿದು ಒಂದೊಂದಾಗಿ ಹೇಳಿಸಿಕೊಳ್ಳುತ್ತಾರೆ. ಆಮೇಲೆ ಸಮಯ ಬರೆದು ಸಹಿ. ಅದಾದ ಮೇಲೂ ಹಳಬರು ಸ್ವಲ್ಪ ಹೊತ್ತು ಹಿಂದೆ ನಿಂತಿರುವುದು ಒಳ್ಳೆಯ ಅಭ್ಯಾಸ. ಪೈಲಟ್ ಜೊತೆಗೂ ಹಾಗೆಯೇ. ನಾವು ಕೊಟ್ಟ ಎತ್ತರವನ್ನು ಅವರು ತಿರುಗಿ ಹೇಳಬೇಕು, ಅದಕ್ಕೆ ರೀಡ್‌ಬ್ಯಾಕ್ ಅನ್ನುತ್ತೇವೆ. ಆದರೆ ತಿರುಗಿ ಹೇಳಿದ್ದನ್ನು ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕಲ್ಲ! ಮುಂದಿನ ವಿಮಾನದ ಯೋಚನೆಯಲ್ಲಿದ್ದಾಗ, ತಾನು ಹೇಳಿದ್ದೇ ಕೇಳಿಸಿತು ಅಂತ ಮನಸ್ಸು ತುಂಬಿಕೊಂಡುಬಿಡುತ್ತದೆ. ದಣಿದಿದ್ದರಂತೂ ಇನ್ನೂ ಸುಲಭ. ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಕಂಪನಿಯ, ಒಂದೇ ಥರದ ನಂಬರಿನ ಎರಡು ವಿಮಾನ ಬಂದರೆ ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರು ತೆಗೆದುಕೊಳ್ಳುವ ಅಪಾಯ ಇದ್ದೇ ಇರುತ್ತದೆ.

ನಮ್ಮ ದೇಶ ಇದಕ್ಕೆ ತೆತ್ತ ಬೆಲೆ ತುಂಬಾ ದೊಡ್ಡದು. 1996ರ ನವೆಂಬರ್ 12, ಹರಿಯಾಣದ ಚರ್ಖಿ ದಾದ್ರಿ. ದೆಹಲಿಯಿಂದ ಹೊರಟ ಸೌದಿಯ ಬೋಯಿಂಗ್ 747ಕ್ಕೆ 14,000 ಅಡಿ ಕೊಟ್ಟಿದ್ದರು. ದೆಹಲಿಗೆ ಬರುತ್ತಿದ್ದ ಕಜಕಿಸ್ತಾನದ ಇಲ್ಯೂಷಿನ್ ವಿಮಾನಕ್ಕೆ 15,000. ನಿಯಮದ 1,000 ಅಡಿ ಇತ್ತು. ಎದುರಿನಿಂದ ಸೌದಿ ವಿಮಾನ ಬರುತ್ತಿದೆ ಅಂತ ಕಂಟ್ರೋಲರ್ ಕಜಕ್ ವಿಮಾನಕ್ಕೆ ಹೇಳಿಯೂ ಇದ್ದರು. ಆದರೂ ಆ ವಿಮಾನ 15,000ದಲ್ಲಿ ನಿಲ್ಲದೆ ಕೆಳಗಿಳಿಯಿತು. ಆಗಿನ ದೆಹಲಿಯ ರೇಡಾರ್‌ನಲ್ಲಿ ವಿಮಾನ ಎಲ್ಲಿದೆ ಅಂತ ಕಾಣುತ್ತಿತ್ತು, ಎಷ್ಟು ಎತ್ತರದಲ್ಲಿದೆ ಅಂತ ಕಾಣುತ್ತಿರಲಿಲ್ಲ. ಬರುವವರಿಗೂ ಹೋಗುವವರಿಗೂ ಒಂದೇ ದಾರಿ ಬೇರೆ. ಎರಡೂ ವಿಮಾನದ 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಇಂದಿಗೂ ಇದೇ ಅತಿ ಭೀಕರ. ಅದಾದ ಮೇಲೆ ದಾರಿಗಳನ್ನು ಬೇರೆ ಮಾಡಿದರು, ಎತ್ತರ ತೋರಿಸುವ ರೇಡಾರ್ ಬಂತು, ನಿಮ್ಮ ಅಳಿಯ ಹೇಳುವ ಆ ಯಂತ್ರವೂ ಕಡ್ಡಾಯವಾಯಿತು.

ಆ ಯಂತ್ರದ ಹೆಸರು ಟಿಕ್ಯಾಸ್. ಸುತ್ತಲಿನ ವಿಮಾನಗಳ ಟ್ರಾನ್ಸ್‌ಪಾಂಡರ್ (ವಿಮಾನದ ಗುರುತು, ಎತ್ತರವನ್ನು ರೇಡಿಯೋ ಸಂಕೇತದಲ್ಲಿ ಹೇಳುವ ಸಾಧನ) ಜೊತೆ ತಾನೇ ಮಾತಾಡಿಕೊಂಡು, ಇನ್ನೆಷ್ಟು ಸೆಕೆಂಡಲ್ಲಿ ಹತ್ತಿರ ಬರುತ್ತೇವೆ ಅಂತ ಲೆಕ್ಕ ಹಾಕುತ್ತಿರುತ್ತದೆ. ಮೊದಲು ‘ಟ್ರಾಫಿಕ್, ಟ್ರಾಫಿಕ್’ ಅನ್ನುತ್ತದೆ. ಇನ್ನೂ ಹತ್ತಿರವಾದರೆ ಒಬ್ಬರಿಗೆ ‘ಕ್ಲೈಂಬ್, ಕ್ಲೈಂಬ್’, ಇನ್ನೊಬ್ಬರಿಗೆ ‘ಡಿಸೆಂಡ್, ಡಿಸೆಂಡ್’. ಎರಡು ಯಂತ್ರಗಳೂ ಪರಸ್ಪರ ಒಪ್ಪಿಕೊಂಡೇ ಇದನ್ನು ಹೇಳುವುದು. ಪೈಲಟ್ ಐದು ಸೆಕೆಂಡಿನೊಳಗೆ ಸ್ಪಂದಿಸಬೇಕು. ಆಗ ರೇಡಾರ್ ಕೋಣೆಯಲ್ಲಿ ಏನಾಗುತ್ತದೆ ಗೊತ್ತಾ? ಪರದೆ ಮೇಲೆ ಆ ಎರಡು ವಿಮಾನದ ಚೀಟಿಗಳು ಮಿನುಗುತ್ತಿರುತ್ತವೆ, ಎಚ್ಚರಿಕೆಯ ಸದ್ದು ಬರುತ್ತಿರುತ್ತದೆ, ರೇಡಿಯೋದಲ್ಲಿ ಪೈಲಟ್ ‘ಟಿಕ್ಯಾಸ್ ಆರ್‌ಎ’ ಅನ್ನುತ್ತಾರೆ, ಅಂದರೆ ಏರು ಅಥವಾ ಇಳಿ ಅಂತ ಯಂತ್ರ ಸಲಹೆ ಕೊಟ್ಟಿದೆ ಅಂತ. ಕಂಟ್ರೋಲರ್ ‘ರೋಜರ್’ ಅಂತಷ್ಟೇ ಹೇಳಿ, ಆ ವಿಮಾನಕ್ಕೆ ಏರು, ಇಳಿ, ತಿರುಗು ಅಂತ ಏನೂ ಹೇಳಬಾರದು. ‘ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್’ (ಡಿಕ್ಕಿಯ ಅಪಾಯ ಕಳೆಯಿತು) ಅಂತ ಪೈಲಟ್ ಹೇಳುವವರೆಗೆ ಆ ವಿಮಾನ ಯಂತ್ರದ ಮಾತು ಕೇಳುತ್ತಿರುತ್ತದೆ, ನಮ್ಮದನ್ನಲ್ಲ. ಕಣ್ಣೆದುರೇ ಎರಡು ಚುಕ್ಕಿ ಹತ್ತಿರ ಬರುತ್ತಿರುವಾಗ ಬಾಯಿ ಮುಚ್ಚಿಕೊಂಡು ಕೂರುವುದು ಈ ಕೆಲಸದ ಅತಿ ಕಷ್ಟದ ಭಾಗ.

ಆ ನಿಯಮ ಇಷ್ಟು ಗಟ್ಟಿಯಾಗಿದ್ದು 2002ರ ಜುಲೈ 1ರ ರಾತ್ರಿಯಿಂದ. ಜರ್ಮನಿಯ ಉಬರ್‌ಲಿಂಗನ್ ಊರಿನ ಮೇಲೆ ರಷ್ಯಾದ ಟುಪೊಲೆವ್ ವಿಮಾನವೂ ಒಂದು ಸರಕು ಬೋಯಿಂಗೂ 36,000 ಅಡಿಯಲ್ಲಿದ್ದವು. ಆ ಆಕಾಶ ನೋಡಿಕೊಳ್ಳುತ್ತಿದ್ದುದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನ ಕೇಂದ್ರ. ಅಲ್ಲಿ ಒಬ್ಬರೇ ಕಂಟ್ರೋಲರ್, ಎರಡು ಪರದೆ. ಜೊತೆಯವರು ವಿಶ್ರಾಂತಿಗೆ ಹೋಗಿದ್ದರು. ರಿಪೇರಿ ನಡೆಯುತ್ತಿದ್ದರಿಂದ ಎಚ್ಚರಿಸುವ ವ್ಯವಸ್ಥೆ ಪೂರ್ತಿ ಕೆಲಸ ಮಾಡುತ್ತಿರಲಿಲ್ಲ, ಫೋನ್ ಲೈನೂ ಇರಲಿಲ್ಲ. ಪಕ್ಕದ ಜರ್ಮನ್ ಕೇಂದ್ರದವರಿಗೆ ಅಪಾಯ ಕಂಡಿತ್ತು, ಕರೆ ಮಾಡಿದರು, ಸಿಗಲಿಲ್ಲ. ಕೊನೆಯ ಕ್ಷಣದಲ್ಲಿ ಕಂಟ್ರೋಲರ್ ರಷ್ಯಾದ ವಿಮಾನಕ್ಕೆ ‘ಇಳಿಯಿರಿ’ ಅಂದರು. ಅದರ ಟಿಕ್ಯಾಸ್ ‘ಏರಿ’ ಅನ್ನುತ್ತಿತ್ತು. ಪೈಲಟ್‌ಗಳು ಮನುಷ್ಯನ ಮಾತು ಕೇಳಿದರು. ಬೋಯಿಂಗ್ ಯಂತ್ರದ ಮಾತು ಕೇಳಿ ಇಳಿಯಿತು. ಎರಡೂ ಇಳಿದವು. 71 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಶಾಲಾ ಮಕ್ಕಳು. 2004ರಲ್ಲಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಬ್ಬರು ಆ ಕಂಟ್ರೋಲರ್‌ನ ಮನೆಗೆ ಹೋಗಿ ಅವರನ್ನು ಕೊಂದರು. ಆ ದುಃಖವನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಆದರೆ ಒಬ್ಬರನ್ನೇ ರಾತ್ರಿ ಕೂರಿಸಿದ್ದು, ಫೋನ್ ಲೈನ್ ನಿಲ್ಲಿಸಿದ್ದು ಆ ಒಬ್ಬ ಮನುಷ್ಯ ಅಲ್ಲ. ಮುಂದೆ ನ್ಯಾಯಾಲಯ ಆ ಸಂಸ್ಥೆಯ ನಾಲ್ವರನ್ನು ತಪ್ಪಿತಸ್ಥರು ಅಂತ ತೀರ್ಪು ಕೊಟ್ಟಿತು.

ಹಾಗಾಗಿ ನಿಮ್ಮ ಅಳಿಯನ ಮಾತು ಮುಕ್ಕಾಲು ಸರಿ. ಉಳಿದ ಕಾಲು ಭಾಗ ಇಲ್ಲಿದೆ. ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ ನಡೆಯದಿದ್ದರೆ ಟಿಕ್ಯಾಸ್‌ಗೆ ಅದು ಕಾಣುವುದೇ ಇಲ್ಲ. 2006ರಲ್ಲಿ ಬ್ರೆಜಿಲ್‌ನಲ್ಲಿ ಹೀಗೇ ಆಗಿ, 37,000 ಅಡಿಯಲ್ಲಿ ಸಣ್ಣ ಜೆಟ್ಟೊಂದು ತಗುಲಿ ಬೋಯಿಂಗ್ 737ರಲ್ಲಿದ್ದ 154 ಜನವೂ ಹೋದರು. ಇನ್ನೊಂದು, ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಟಿಕ್ಯಾಸ್ ಏರು ಇಳಿ ಅನ್ನುವ ಸಲಹೆ ಕೊಡುವುದಿಲ್ಲ. ನೆಲ ಹತ್ತಿರ ಇರುವಾಗ ಅಂಥ ಸಲಹೆಯೇ ಅಪಾಯ. 2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಇಳಿಯುತ್ತಿದ್ದ ಪ್ರಯಾಣಿಕರ ಜೆಟ್‌ಗೂ ಸೇನೆಯ ಹೆಲಿಕಾಪ್ಟರ್‌ಗೂ ಡಿಕ್ಕಿಯಾಗಿ 67 ಜನ ಸತ್ತದ್ದು ಸುಮಾರು 300 ಅಡಿಯಲ್ಲಿ. ಆಮೇಲೆ ಅಲ್ಲಿನ ತನಿಖಾ ಸಂಸ್ಥೆ ಹಳೆಯ ದಾಖಲೆ ತೆಗೆದು ನೋಡಿತು. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಅದೇ ನಿಲ್ದಾಣದ ಹತ್ತಿರ ವಿಮಾನ, ಹೆಲಿಕಾಪ್ಟರ್ ಒಂದು ಮೈಲಿಗಿಂತ ಕಡಿಮೆ, ಎತ್ತರದಲ್ಲಿ 400 ಅಡಿಗಿಂತ ಕಡಿಮೆ ಅಂತರಕ್ಕೆ ಬಂದದ್ದು 15,214 ಸಲ. ತೀರಾ ಹತ್ತಿರ ಬಂದದ್ದು 85 ಸಲ. ಎಲ್ಲವೂ ದಾಖಲಾಗಿತ್ತು. ಯಾರೂ ಕೂಡಿಸಿ ನೋಡಿರಲಿಲ್ಲ.

ಇದು ನನಗೆ ತುಂಬಾ ಕಾಡುವ ವಿಷಯ. ನಮ್ಮ 2022ರ ಘಟನೆಯೂ ಲಾಗ್‌ಬುಕ್‌ನಲ್ಲಿ ಬರೆದಿರಲಿಲ್ಲ, ವರದಿಯೂ ಆಗಿರಲಿಲ್ಲ ಅಂತ ಆಗ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕಡೆಯಿಂದಲೇ ಹೊರಬಂತು. ಹೊರಗೆ ಗೊತ್ತಾದದ್ದು ಆಮೇಲೆ. ಇಂಥ ಘಟನೆ ಆದಾಗ ಸಂಬಂಧಪಟ್ಟವರನ್ನು ತಕ್ಷಣ ಕೆಲಸದಿಂದ ಇಳಿಸಿ ವಿಚಾರಣೆ ಮಾಡುವುದು ಸರಿ. ಆದರೆ ಶಿಕ್ಷೆಯೊಂದೇ ದಾರಿಯಾದರೆ ಮುಂದಿನ ಸಲ ಸಣ್ಣ ತಪ್ಪನ್ನು ಯಾರೂ ಹೇಳುವುದಿಲ್ಲ. ಎಲ್ಲರನ್ನೂ ಬಿಟ್ಟುಬಿಟ್ಟರೆ ನಿಜವಾದ ಉಡಾಫೆಯೂ ಅದರಲ್ಲೇ ಸೇರಿಕೊಳ್ಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ತಾನಾಗಿ ಬಂದು ಹೇಳಿದವನಿಗೆ ರಕ್ಷಣೆ ಇರಬೇಕು, ಮುಚ್ಚಿಟ್ಟವನಿಗೆ ಇರಬಾರದು. ಕಂಟ್ರೋಲರ್‌ಗಳ ಕೊರತೆ ನಮ್ಮಲ್ಲಿ ಸಂಸತ್ತಿನಲ್ಲೇ ಚರ್ಚೆಯಾಗಿರುವ ವಿಷಯ. ಜನ ಕಡಿಮೆ ಇದ್ದಾಗ ಒಂದೋ ವಿಮಾನಗಳನ್ನು ಕಡಿಮೆ ಮಾಡಬೇಕು, ಇಲ್ಲ ಒಬ್ಬರ ತಲೆ ಮೇಲೆ ಜಾಸ್ತಿ ಹೊರಿಸಬೇಕು. ಮೊದಲನೆಯದರಲ್ಲಿ ತಡವಾಗುತ್ತದೆ, ದುಡ್ಡು ಹೋಗುತ್ತದೆ. ಎರಡನೆಯದರಲ್ಲಿ ಹೋಗುವುದು ಏನು ಅಂತ ಮೇಲೆ ಓದಿದಿರಿ. ನೀವು ಬೆಂಗಳೂರಿನ ಮೇಲೆ ಅರ್ಧ ಗಂಟೆ ಸುತ್ತು ಹೊಡೆದು ಬೇಸರಪಟ್ಟಿದ್ದರೆ, ಆ ಹೊತ್ತಲ್ಲಿ ಯಾರೋ ನಿಮಗಾಗಿ ಆ 3 ಮೈಲಿ, 5 ಮೈಲಿ ಕಾಯುತ್ತಿದ್ದರು ಅಂತ ತಿಳಿಯಿರಿ.

ಮಗಳಿಗೆ ರೈಲಲ್ಲಿ ಬಾ ಅನ್ನಬೇಕಾ? ಮಗುವಿಗೂ ಅವಳಿಗೂ ರೈಲು ಇಷ್ಟ, ರಜೆ ಇದೆ ಅಂದರೆ ಬರಲಿ. ಡಿಕ್ಕಿಯ ಭಯಕ್ಕೆ ಬೇಡ. ರಸ್ತೆಗಿಳಿಯುವುದಂತೂ ಬೇಡವೇ ಬೇಡ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1.68 ಲಕ್ಷ ಜನ ಸತ್ತಿದ್ದಾರೆ. ಅವಳಿಗೆ ಹೇಳಬೇಕಾದ್ದು ಒಂದಿದೆ. ಸೀಟ್‌ಬೆಲ್ಟ್ ದೀಪ ಆರಿದರೂ ಕೂತಿರುವಷ್ಟು ಹೊತ್ತು ಬೆಲ್ಟ್ ಬಿಚ್ಚಬಾರದು, ಮಗುವಿಗೂ ಅದರದ್ದೇ ಸೀಟಿನಲ್ಲಿ ಬೆಲ್ಟ್ ಹಾಕಿರಬೇಕು. ಕಾರಣ ಇದೆ. 2001ರ ಜನವರಿ 31ರಂದು ಜಪಾನಿನಲ್ಲಿ ತರಬೇತಿಯಲ್ಲಿದ್ದ ಕಂಟ್ರೋಲರ್ ಒಂದು ವಿಮಾನಕ್ಕೆ ಹೇಳಬೇಕಾದ್ದನ್ನು ಅದೇ ಕಂಪನಿಯ ಇನ್ನೊಂದಕ್ಕೆ ಹೇಳಿಬಿಟ್ಟರು, 958 ಅನ್ನುವಲ್ಲಿ 907. ಎರಡರಲ್ಲೂ ಸೇರಿ 677 ಜನ. ಕೊನೆಯ ಕ್ಷಣದಲ್ಲಿ ಪೈಲಟ್ ಮೂಗು ತಗ್ಗಿಸಿ ತಪ್ಪಿಸಿದರು, ಒಬ್ಬರೂ ಸಾಯಲಿಲ್ಲ. ಆದರೆ ಸುಮಾರು 100 ಜನಕ್ಕೆ ಗಾಯವಾಯಿತು. ಬೆಲ್ಟ್ ಹಾಕದವರು ಎಗರಿ ಚಾವಣಿಗೆ ಬಡಿದಿದ್ದರು. ವಿಮಾನ ಡಿಕ್ಕಿ ತಪ್ಪಿಸಿಕೊಂಡಾಗಲೂ ಒಳಗಿದ್ದವರಿಗೆ ಪೆಟ್ಟಾಗಬಹುದು, ಅದು ಬೆಲ್ಟಿನಿಂದ ತಪ್ಪುತ್ತದೆ.

ಕೊನೆಗೆ ದೂರಿನ ವಿಷಯ. ಈ ಸಲಕ್ಕೆ ದೂರು ಬೇಕಿಲ್ಲ. ಮನಸ್ಸು ಒಪ್ಪದಿದ್ದರೆ ವಿಮಾನ ಕಂಪನಿಗೆ ಒಂದು ಮೇಲ್ ಬರೆದು ಕೇಳಿ, ತಪ್ಪೇನಿಲ್ಲ. ಸುಮ್ನೆ ವಿಡಿಯೋ ಹಾಕಿ ‘ಸಾವಿನಿಂದ ಪಾರು’ ಅಂತ ಹಂಚುವುದರಿಂದ ಮಾತ್ರ ಯಾರಿಗೂ ಉಪಯೋಗವಿಲ್ಲ. ಮುಂದೆ ಎಂದಾದರೂ ವಿಮಾನ ಏಕಾಏಕಿ ಜೋರಾಗಿ ಏರಿದರೆ ಅಥವಾ ಇಳಿದರೆ, ಅದೇ ಹೊತ್ತಿಗೆ ಇನ್ನೊಂದು ವಿಮಾನ ಕಂಡರೆ, ಆಗ ಬರೆಯಲೇಬೇಕು. ಕಂಪನಿಗೂ ಬರೆಯಿರಿ, ಡಿಜಿಸಿಎಗೂ ಬರೆಯಿರಿ. ಪ್ರಯಾಣಿಕರ ದೂರಿಗೆ ಸರ್ಕಾರದ ಏರ್‌ಸೇವಾ ಆಪ್ ಮತ್ತು ವೆಬ್‌ಸೈಟ್ ಇವೆ, ಅಲ್ಲೂ ಹಾಕಬಹುದು. ‘ತುಂಬಾ ಹತ್ತಿರ ಬಂತು’ ಅಂತ ಬರೆದರೆ ತನಿಖೆ ಮಾಡುವವರಿಗೆ ಏನೂ ಸಿಗುವುದಿಲ್ಲ. ವಿಮಾನದ ನಂಬರ್, ದಿನಾಂಕ, ಕೈಗಡಿಯಾರದಲ್ಲಿ ಕಂಡ ಸಮಯ, ನೀವು ಕೂತಿದ್ದ ಸೀಟ್, ಇನ್ನೊಂದು ವಿಮಾನ ಮೇಲಿತ್ತೋ ಕೆಳಗಿತ್ತೋ, ಯಾವ ಕಡೆಯಿಂದ ಬಂತು, ನಿಮ್ಮ ವಿಮಾನ ಏನು ಮಾಡಿತು, ಇಷ್ಟು ಬರೆಯಿರಿ. ಸಮಯ ಸರಿಯಾಗಿದ್ದರೆ ಆ ನಿಮಿಷದ ರೇಡಾರ್ ದಾಖಲೆ, ರೇಡಿಯೋ ಮಾತುಕತೆ ಎರಡನ್ನೂ ಅವರು ತೆಗೆದು ನೋಡಬಹುದು. ಆ ರೆಕಾರ್ಡಿಂಗ್‌ಗಳನ್ನು ಎಂದೆಂದಿಗೂ ಇಟ್ಟಿರುವುದಿಲ್ಲ, ಹಾಗಾಗಿ ಇಳಿದ ದಿನವೇ ಬರೆದರೆ ಒಳ್ಳೆಯದು.